ಬಲಗುಂದಿದ ಎಂಜಿನ್

ಬಳ್ಳಾರಿಯ ಬೇಸಿಗೆ ಹೆಸರಾದುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿಯ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸನ್ನು ದಾಟುವುದುಂಟು. ಸಿರುಗುಪ್ಪ, ಕುರುಗೋಡುಗಳ ಕಡೆಗೆ ಹೋಗುವ ದಾರಿಗಳಲ್ಲಿ ಎರೆಭೂಮಿಯ ನುಣುಪಾದ ಧೂಳು ಏಳುತ್ತದೆ. ಇಂಥ ಹಾದಿಯಲ್ಲಿ ಓಡುತ್ತಿರುವ ಹಳೆಯ ಪೆಟ್ರೋಲ್ ಕಾರೊಂದು ಇದ್ದಕ್ಕಿದ್ದಂತೆ ಬಲಗುಂದಿ ಮುಗ್ಗರಿಸಿತೆಂದು ಊಹಿಸಿರಿ. ಒಳಗೆ ಸಿರುಗುಪ್ಪದಿಂದ ಬಳ್ಳಾರಿಯ ಆಸ್ಪತ್ರೆಗೆ ಹೊರಟ ರೋಗಿಯೊಬ್ಬರಿದ್ದಾರೆ. ಆಗ ರೋಗಿಯನ್ನು ಬೇರೊಂದು ವಾಹನದಲ್ಲಿ ಕಳುಹಿಸಿಕೊಡುವುದೇ ಮೊದಲ ಕರ್ತವ್ಯ. ಎಂಜಿನ್ನಿನ ವಿಚಾರ ಅನಂತರದ್ದು.

ಪೆಟ್ರೋಲ್ ಎಂಜಿನ್ನಿಗೆ ಬಲ ಬರುವುದು ಮೂರು ಸಂಗತಿಗಳಿಂದ. ಗಾಳಿ ಮತ್ತು ಪೆಟ್ರೋಲು ತಕ್ಕ ಪ್ರಮಾಣದಲ್ಲಿ ಬೆರೆಯಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೫ ಪಾಲು ಗಾಳಿ ಬೇಕು. ಆ ಮಿಶ್ರಣವನ್ನು ಪಿಸ್ಟನ್ನು ಸಿಲಿಂಡರಿನಲ್ಲಿ ಚೆನ್ನಾಗಿ ಒತ್ತಬೇಕು. ಸರಿಯಾದ ಗಳಿಗೆಯಲ್ಲಿ ವಿದ್ಯುತ್ ಕಿಡಿ ಹಾರಬೇಕು. ಈ ಮೂರರಲ್ಲಿ ಒಂದು ಸೋತರೂ ಎಂಜಿನ್ನು ಸೋಲುತ್ತದೆ.

ಈ ನಿಯಮಕ್ಕೆ ದೊಡ್ಡ ಕಾರು, ಸಣ್ಣ ಕಾರು ಎಂಬ ಭೇದವಿಲ್ಲ. ೧೯೫೫ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಎಂ.ಜಿ.ಎ. ಎಂಬ ಕ್ರೀಡಾಕಾರಿನಲ್ಲಿ ೧೪೮೯ ಘನ ಸೆಂಟಿಮೀಟರಿನ ಎಂಜಿನ್ ಇತ್ತು. ನಮ್ಮ ದೇಶದ ಅಂಬಾಸಡರ್ ಕಾರಿನಲ್ಲಿಯೂ ಅದೇ ಕುಲದ, ಅದೇ ಗಾತ್ರದ ಎಂಜಿನ್ ಬಹುಕಾಲ ದುಡಿಯಿತು. ಒಂದು ಪಂದ್ಯದ ಓಟಕ್ಕೆ, ಇನ್ನೊಂದು ಬಾಡಿಗೆಯ ಓಟಕ್ಕೆ. ಕಾಯಿಲೆಗಳು ಮಾತ್ರ ಎರಡಕ್ಕೂ ಒಂದೇ.

ಕಾರಣವನ್ನು ಸುಲಭವಾದ ಕಡೆಯಿಂದ ಹುಡುಕುತ್ತ ಹೋಗಬೇಕು. ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಪೆಟ್ರೋಲು ಖರ್ಚಾದಂತೆ ಗಾಳಿ ಒಳಗೆ ಬರಲು ಹಳೆಯ ಕಾರುಗಳ ಮುಚ್ಚಳದಲ್ಲಿ ಸಣ್ಣ ರಂಧ್ರವಿರುವುದುಂಟು. ಧೂಳಿನಿಂದ ಅದು ಮುಚ್ಚಿಹೋದರೆ ಟ್ಯಾಂಕಿನೊಳಗಿನ ಒತ್ತಡ ಇಳಿದು ಪೆಟ್ರೋಲು ಮುಂದೆ ಹರಿಯದು. ಮುಚ್ಚಳ ತೆರೆದೊಡನೆ ಗಾಳಿ ಸುಯ್ಯೆಂದು ಒಳನುಗ್ಗಿ, ಎಂಜಿನ್ನು ಮತ್ತೆ ಚೇತರಿಸಿಕೊಂಡರೆ ಕಾರಣ ಸಿಕ್ಕಿದಂತೆ. ಹಾಗಾಗದಿದ್ದರೆ ಪೆಟ್ರೋಲಿನ ಫಿಲ್ಟರಿನಲ್ಲಿ ಕಸವಿದೆಯೇ, ಗಾಳಿ ಶೋಧಿಸುವ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯೇ ಎಂದು ನೋಡಬೇಕು.

ಬಿಸಿಲುನಾಡಿನಲ್ಲಿ ಇನ್ನೊಂದು ತೊಡಕುಂಟು. ಭತ್ತ ಹೊತ್ತ ಲಾರಿಯ ಹಿಂದೆ ನಿಧಾನವಾಗಿ ಸಾಗುವಾಗ ಎಂಜಿನ್ನಿಗೆ ಎದುರುಗಾಳಿ ಸಾಲದು. ಆಗ ಎಂಜಿನ್ನಿನ ಪಕ್ಕದಲ್ಲಿರುವ ಪಂಪೂ ಕೊಳವೆಯೂ ಕಾದು, ಪೆಟ್ರೋಲು ದಾರಿಯಲ್ಲೇ ಆವಿಯಾಗುತ್ತದೆ. ದ್ರವವನ್ನು ತಳ್ಳಬಲ್ಲ ಪಂಪು ಆವಿಯನ್ನು ತಳ್ಳಲಾರದು. ಆವಿ ಕುಗ್ಗಿ ಹಿಗ್ಗುತ್ತದೆಯೇ ಹೊರತು ಮುಂದೆ ಸಾಗದು. ಅನುಭವಿ ಚಾಲಕರು ಕಾರನ್ನು ನೆರಳಿಗೆ ತಳ್ಳಿ, ಎಂಜಿನ್ ನಿಲ್ಲಿಸಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯುತ್ತಿದ್ದುದು ಇದಕ್ಕಾಗಿಯೇ. ಆವಿ ತಣಿದು ಮತ್ತೆ ದ್ರವವಾಗುತ್ತದೆ.

ಆದರೆ ಇಲ್ಲಿ ಎಚ್ಚರ ಬೇಕು. ಬಿಸಿಯಾದಾಗ ಸೋತು, ತಣಿದಾಗ ಸರಿಹೋಗುವುದು ಪೆಟ್ರೋಲಿನ ದಾರಿಯ ದೋಷವೊಂದರ ಲಕ್ಷಣವಲ್ಲ. ಕಿಡಿಗೆ ವಿದ್ಯುತ್ ಒದಗಿಸುವ ಕಾಯಿಲ್ ಕೆಟ್ಟಿದ್ದರೂ ಹೀಗೆಯೇ ಆಗುತ್ತದೆ. ಒಂದೇ ಲಕ್ಷಣಕ್ಕೆ ಎರಡು ಕಾರಣ! ಎಂಜಿನ್ನು ಸೋತ ಹೊತ್ತಿನಲ್ಲಿಯೇ ಕಿಡಿಯನ್ನು ಪರೀಕ್ಷಿಸಿದರೆ ನಿಜ ತಿಳಿಯುತ್ತದೆ. ಕಿಡಿ ನೀಲಿಯಾಗಿ ಬಲವಾಗಿದ್ದರೆ ಪೆಟ್ರೋಲಿನ ದಾರಿಯನ್ನು ಶಂಕಿಸಬೇಕು. ಹಳದಿಯಾಗಿ ಕ್ಷೀಣವಾಗಿದ್ದರೆ ಕಾಯಿಲ್, ಕಂಡೆನ್ಸರ್, ಪಾಯಿಂಟುಗಳನ್ನು ನೋಡಬೇಕು. ಪೆಟ್ರೋಲಿನ ಆವಿಯ ಬಳಿ ಕಿಡಿ ಅಪಾಯಕರವಾದುದರಿಂದ ಈ ಪರೀಕ್ಷೆ ಬಲ್ಲವರ ಕೆಲಸ. ಕಾದ ರೇಡಿಯೇಟರಿನ ಮುಚ್ಚಳವನ್ನಂತೂ ಯಾರೂ ತೆರೆಯಬಾರದು. ಕುದಿನೀರು ಮುಖಕ್ಕೆ ಚಿಮ್ಮೀತು.

ಇವೆರಡೂ ಸರಿಯಿದ್ದರೆ ಉಳಿಯುವುದು ಒತ್ತಡ. ಸಿಲಿಂಡರಿನ ಮೇಲಿನ ಗ್ಯಾಸ್ಕೆಟ್ ಒಡೆದಿದ್ದರೆ ಅಥವಾ ವಾಲ್ವ್ ಸುಟ್ಟಿದ್ದರೆ ಒತ್ತಡ ಸೋರಿಹೋಗುತ್ತದೆ. ಇದರ ದುರಸ್ತಿಗೆ ಎಂಜಿನ್ನನ್ನು ಬಿಚ್ಚಬೇಕು, ಖರ್ಚೂ ಹೆಚ್ಚು. ಆದ್ದರಿಂದಲೇ ಇದರ ಸರದಿ ಕೊನೆಗೆ.

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಹಿಂದುಮುಂದು ನೋಡದೆ ಒಂದೊಂದೇ ಬಿಡಿಭಾಗವನ್ನು ಬದಲಿಸುವ ದುರಸ್ತಿ ಅಂಥದೇ. ಅದರಿಂದ ಬಾಡಿಗೆ ಕಾರನ್ನೇ ನಂಬಿದ ಸಂಸಾರವೊಂದರ ತಿಂಗಳ ಗಳಿಕೆ ಒಂದೇ ದಿನದಲ್ಲಿ ಕರಗಿಹೋಗಬಹುದು. ಎರಡು ಭಾಗಗಳನ್ನು ಒಮ್ಮೆಗೇ ಬದಲಿಸಿದರೆ, ದೋಷ ಯಾವುದರಲ್ಲಿತ್ತೆಂಬುದೇ ತಿಳಿಯದು. ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಿ, ಫಲವನ್ನು ನೋಡಿ, ಮುಂದಿನದಕ್ಕೆ ಹೋಗುವುದು ಜಾಣತನ.

ಇಂದಿನ ಕಾರುಗಳಲ್ಲಿ ಕಾರ್ಬ್ಯುರೇಟರು ಇಲ್ಲ. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸವನ್ನು ಗಣಕವು ನಿಯಂತ್ರಿಸುತ್ತದೆ. ದೋಷದ ಸುಳಿವನ್ನೂ ಅದೇ ಕೊಡುತ್ತದೆ. ಆದರೂ ಸುಳಿವಿನಿಂದ ಕಾರಣಕ್ಕೆ ಹೋಗುವ ದಾರಿಯನ್ನು ಮನುಷ್ಯನ ಬುದ್ಧಿಯೇ ತುಳಿಯಬೇಕು. ಮಸಿ ಹಿಡಿದ ಕೈಯ ಮೆಕ್ಯಾನಿಕನೊಬ್ಬನು ಕಿವಿಗೊಟ್ಟು, ಕಣ್ಣಿಟ್ಟು, ತಾಳ್ಮೆಯಿಂದ ಹಾಗೆ ಹುಡುಕುವಾಗ ಅವನು ಮಾಡುತ್ತಿರುವುದು ವಿಜ್ಞಾನವನ್ನೇ.