ಪೇಟೆಬೀದಿಯ ಸುರಕ್ಷತೆ: ವಿನ್ಯಾಸದ ಹೊಣೆ

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ದಾಖಲಿಸಿದೆ. ಇಂತಹ ಅಂಕಿಗಳು ಪ್ರಕಟವಾದಾಗಲೆಲ್ಲ ಚಾಲಕನನ್ನು ದೂಷಿಸುವುದು ರೂಢಿ. ರಸ್ತೆಯ ರಚನೆಯನ್ನು ಪ್ರಶ್ನಿಸುವವರು ವಿರಳ.

ವೇಗವು ಗಂಟೆಗೆ 30 ಕಿ.ಮೀ.ನಿಂದ 60 ಕಿ.ಮೀ.ಗೆ ಏರಿದರೆ ವಾಹನದ ಚಲನಶಕ್ತಿ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಅಗಲವಾದ ನೇರ ಪಥವೇ ವೇಗಕ್ಕೆ ಆಹ್ವಾನವೀಯುವಾಗ ಫಲಕದ ಮೇಲಿನ ಮಿತಿಯನ್ನು ಓದುವವರಾರು?

ಬೆಂಗಳೂರಿನ ಟೆಂಡರ್‌ಶ್ಯೂರ್ ಯೋಜನೆಯಡಿ 2010ರ ದಶಕದಲ್ಲಿ ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ ಮೊದಲಾದವುಗಳಲ್ಲಿ ವಾಹನಪಥದ ಅಗಲವನ್ನು ಏಕರೂಪಗೊಳಿಸಿ, ಪಾದಚಾರಿ ಮಾರ್ಗಗಳನ್ನು ವಿಸ್ತರಿಸಲಾಯಿತು. ಕೇಬಲ್ಲು, ಕೊಳವೆಗಳಿಗೂ ಅವುಗಳ ಅಡಿಯಲ್ಲೇ ಸ್ಥಳ ಕಲ್ಪಿಸಲಾಯಿತು. ದುರಸ್ತಿಗೆಂದು ಡಾಂಬರು ಅಗೆಯುವ ಪ್ರಮೇಯ ತಪ್ಪಲೆಂಬುದೇ ಉದ್ದೇಶ.

ಇಂತಹ ಯೋಜನೆಗಳು ಬಂದಾಗ, ವಾಹನ ನಿಲುಗಡೆ ಕಡಿಮೆಯಾದರೆ ಗಿರಾಕಿಗಳು ದೂರವಾಗುವರೆಂಬುದು ವರ್ತಕರ ಆತಂಕ. ಅದು ಪೂರ್ಣ ನಿರಾಧಾರವೇನಲ್ಲ. ಸರಕು ಇಳಿಸಲು ಸ್ಥಳ ಬೇಕೇ ಬೇಕು. ಆದರೆ ಅನೇಕ ಅಂಗಡಿಗಳ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ನಿಂತಿರುವುದು ಮಾಲೀಕರದೇ ಕಾರು! ಆ ಜಾಗದ ಆದಾಯವನ್ನು ಯಾವ ಖಾತೆಗೆ ಜಮಾ ಮಾಡುವುದು?

ಇನ್ನು ಕಾನೂನಿನ ಮಾತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಪ್ರಕರಣದಂತೆ, ನಿಗದಿತ ವಿನ್ಯಾಸ ಮಾನದಂಡಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾಗುವ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಮೊತ್ತ ಅಲ್ಪವೇ ಸರಿ. ಆದರೂ ಕಾಮಗಾರಿಗೆ ಮುನ್ನವೇ ನಕ್ಷೆಯನ್ನು ಕೇಳಿ ಪಡೆದು, ದಾಟುವೆಡೆಗಳನ್ನೂ ಸರಕು ಇಳಿಸುವ ವೇಳೆಯನ್ನೂ ಅದರಲ್ಲೇ ನಮೂದಿಸುವಂತೆ ಒತ್ತಾಯಿಸಲು ವರ್ತಕ ಸಂಘಗಳಿಗೆ ಇದೊಂದು ಆಧಾರ.