ನಲವತ್ತು ಸರ್ವರ್ ನಾಲ್ಕಕ್ಕೆ ಇಳಿದರೆ ಉಳಿಯುವುದೆಷ್ಟು?

ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇರುವ ಮಧ್ಯಮ ಗಾತ್ರದ ಕಂಪನಿಯೊಂದರ ಸರ್ವರ್ ರೂಮಿನಲ್ಲಿ 40 ಹಳೆಯ ಸರ್ವರ್‌ಗಳಿವೆ ಎಂದಿಟ್ಟುಕೊಳ್ಳಿ. ಒಂದೊಂದೂ ಸರಾಸರಿ 250 ವಾಟ್ ಎಳೆದರೆ ಒಟ್ಟು 10 ಕಿಲೋವಾಟ್. ಹಗಲು ರಾತ್ರಿ ಓಡಿ ವರ್ಷಕ್ಕೆ 87,600 ಯೂನಿಟ್. ಏಸಿಯ ಖರ್ಚು, ಯುಪಿಎಸ್ ನಷ್ಟ ಬೇರೆ. ಇವೆಲ್ಲ ಸೇರಿದ ಒಟ್ಟು ಕರೆಂಟು ಸರ್ವರ್‌ಗಳಷ್ಟೇ ತಿನ್ನುವ ಕರೆಂಟಿನ ಎಷ್ಟು ಪಟ್ಟು ಎಂಬ ಅನುಪಾತ, ಅಪ್‌ಟೈಮ್ ಇನ್‌ಸ್ಟಿಟ್ಯೂಟ್‌ನ 2023ರ ಡೇಟಾ ಸೆಂಟರ್ ಸಮೀಕ್ಷೆಯಲ್ಲಿ ಜಾಗತಿಕ ಸರಾಸರಿ 1.58. ಅದನ್ನು 1.6 ಎಂದು ಹಿಡಿದರೆ ಮೀಟರಿನಲ್ಲಿ ಓಡುವುದು 1,40,160 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ 11.21 ಲಕ್ಷ ರೂಪಾಯಿ.

ಇದರಲ್ಲಿ ದೊಡ್ಡ ಪಾಲು ಸುಮ್ಮನೆ ಕೂತ ಯಂತ್ರಗಳಿಗೆ ಹೋಗುತ್ತದೆ. ಗೂಗಲ್‌ನ ಬರೋಸೊ ಮತ್ತು ಹೋಲ್ಜ್ಲೆ 2007ರಲ್ಲೇ ಇದನ್ನು ತೋರಿಸಿದ್ದರು: ಸರ್ವರ್‌ಗಳು ಹೆಚ್ಚಿನ ಹೊತ್ತು ಸಾಮರ್ಥ್ಯದ ಶೇ 10ರಿಂದ 50ರಷ್ಟನ್ನೇ ಬಳಸುತ್ತವೆ, ಕೆಲಸವೇ ಇಲ್ಲದಾಗಲೂ ಪೂರ್ಣ ಹೊರೆಯ ಅರ್ಧದಷ್ಟು ಕರೆಂಟು ತಿನ್ನುತ್ತವೆ.

ಅದೇ 40 ಸರ್ವರ್‌ಗಳನ್ನು ವರ್ಚುವಲ್ ಮಷಿನ್ (ಸಾಫ್ಟ್‌ವೇರ್ ರೂಪದ ಸರ್ವರ್) ಮಾಡಿ, ತಲಾ 500 ವಾಟ್‌ನ 4 ಹೊಸ ಯಂತ್ರಗಳ, ಅಂದರೆ ಹೋಸ್ಟ್‌ಗಳ, ಮೇಲೆ ಕೂರಿಸಿದರೆ ಅದೇ 1.6ರ ಲೆಕ್ಕದಲ್ಲಿ ವರ್ಷಕ್ಕೆ 28,032 ಯೂನಿಟ್, ಬಿಲ್ಲು 2.24 ಲಕ್ಷ. ಉಳಿತಾಯ ಸುಮಾರು 9 ಲಕ್ಷ.

ಮೂರೇ ಹೋಸ್ಟ್ ಸಾಲದೇ? ಎಡವುವುದು ಇಲ್ಲೇ. ಪ್ರೊಸೆಸರ್ ಎಷ್ಟೇ ಬಿಡುವಾಗಿದ್ದರೂ ಮೊದಲು ಮುಗಿಯುವುದು ಮೆಮೊರಿ. 40 ಮಷಿನ್‌ಗಳಿಗೆ ತಲಾ 16 ಜಿಬಿ ಎಂದರೆ 640 ಜಿಬಿ ಬೇಕು. 256 ಜಿಬಿಯ ಮೂರು ಹೋಸ್ಟ್‌ಗಳಲ್ಲಿ 768 ಇರುತ್ತದೆ, ದಿನದ ಕೆಲಸ ನಡೆಯುತ್ತದೆ. ಒಂದು ಕೆಟ್ಟಿತೋ, ಉಳಿಯುವುದು 512. ಎಂಟು ಮಷಿನ್‌ಗಳಿಗೆ ಜಾಗವೇ ಇಲ್ಲ. ನಾಲ್ಕಿದ್ದರೆ ಒಂದು ಕೆಟ್ಟರೂ 768 ಉಳಿಯುತ್ತದೆ. ನಾಲ್ಕನೆಯ ಹೋಸ್ಟ್ ದಂಡದ ಖರ್ಚಲ್ಲ; ಈ ಇಡೀ ಯೋಜನೆಯ ಜೀವಾಳ ಅದು.

ಇನ್ನು ಲೈಸೆನ್ಸ್. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್, ವರ್ಚುವಲ್ ಮಷಿನ್ ನಡೆಸುವ ಸಾಫ್ಟ್‌ವೇರ್ ಮಾರುವ ವಿಎಂವೇರ್ ಕಂಪನಿಯನ್ನು ಕೊಂಡಿತು. ಡಿಸೆಂಬರ್‌ನಲ್ಲೇ ಒಮ್ಮೆ ಕೊಂಡು ಶಾಶ್ವತವಾಗಿ ಬಳಸುವ ಲೈಸೆನ್ಸ್ ಮಾರಾಟ ನಿಲ್ಲಿಸಿತು. ಈಗ ಚಂದಾ, ಅದೂ ಕೋರ್ ಲೆಕ್ಕದಲ್ಲಿ. ಪ್ರೊಸೆಸರ್‌ಗೆ ಕನಿಷ್ಠ 16 ಕೋರ್. ಎರಡೆರಡು ಪ್ರೊಸೆಸರ್‌ನ 4 ಹೋಸ್ಟ್‌ಗೆ 128 ಕೋರ್‌ಗಳ ಹಣ ಕಟ್ಟಬೇಕು, ಒಳಗಿರುವುದು ಎಂಟೆಂಟೇ ಕೋರ್ ಆದರೂ! ಅದೇ ಕೆಲಸ ಮಾಡುವ ಕೆವಿಎಂ 2007ರಿಂದ ಲಿನಕ್ಸ್ ಕರ್ನೆಲ್‌ನಲ್ಲೇ ಇದೆ, ಲೈಸೆನ್ಸ್ ಶುಲ್ಕವಿಲ್ಲ. ಆದರೆ ಅದನ್ನು ಬಲ್ಲವರಿಗೆ ಸಂಬಳ ಕೊಡಬೇಕು. ಆದರೂ ಸಣ್ಣ ಕಂಪನಿಗಳು ಕೆವಿಎಂ ದಾರಿಯನ್ನೇ ಮೊದಲು ಪರಿಶೀಲಿಸುವುದು ಒಳ್ಳೆಯದು.

ಪೀಣ್ಯದ ಕಾರ್ಖಾನೆಗಳ ಲೆಕ್ಕ ಸ್ವಲ್ಪ ಬೇರೆ. ಬಿಲ್ಲಿಂಗ್, ಹಾಜರಿ, ಫೈಲ್ ಸರ್ವರ್ ಸಲೀಸಾಗಿ ಒಂದೆಡೆ ಸೇರುತ್ತವೆ. ಯುಎಸ್‌ಬಿ ಡಾಂಗಲ್ ಚುಚ್ಚಿದರೆ ಮಾತ್ರ ತೆರೆಯುವ ಡಿಸೈನ್ ಸಾಫ್ಟ್‌ವೇರ್, ಸೀರಿಯಲ್ ಕೇಬಲ್‌ನಲ್ಲಿ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಕಳಿಸುವ ಹಳೆಯ ಕಂಪ್ಯೂಟರ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅವುಗಳನ್ನು ಇದ್ದಲ್ಲೇ ಬಿಡುವುದು ಜಾಣತನ.

ಹಳೆಯ ಸರ್ವರ್‌ಗಳನ್ನು ‘ಇರಲಿ, ಬೇಕಾಗಬಹುದು’ ಎಂದು ಆನ್ ಇಟ್ಟರೆ ಬಿಲ್ಲು ಇಳಿಯುವುದಿಲ್ಲ, ಏರುತ್ತದೆ. ಹಾಗಾಗಿ ಅವನ್ನು ಆಫ್ ಮಾಡಿ. ಹೊಸ ಹೋಸ್ಟ್ ಕೊಳ್ಳುವ ಮುನ್ನ ತಿಂಗಳ ಕೊನೆಯ ದಿನಗಳೂ ಸೇರುವಂತೆ ಒಂದು ತಿಂಗಳು ಮೆಮೊರಿ ಬಳಕೆ ಅಳೆಯಿರಿ. ಮಾರಾಟಗಾರರು ‘ಒಂದು ಹೋಸ್ಟ್‌ಗೆ ಹದಿನೈದು ಸರ್ವರ್’ ಎಂದರೆ, ಒಂದು ಹೋಸ್ಟ್ ಕೆಟ್ಟ ದಿನದ ಲೆಕ್ಕವನ್ನು ಬರೆದುಕೊಡಿ ಎಂದು ಕೇಳಿ.