ಆಟಿಕೆಯ ರೈಲೂ ದೇವಾಲಯದ ಜಗಲಿಯೂ

ವಾಸ್ತುಶಿಲ್ಪಿಯೊಬ್ಬರ ಸ್ಫೂರ್ತಿಯ ಮೂಲ ಯಾವುದೆಂದರೆ ಮಹಾಸ್ಮಾರಕಗಳ ಹೆಸರು ಬರುವುದೆಂದು ನಾವು ಎಣಿಸುತ್ತೇವೆ. ಚಾರ್ಲ್ಸ್ ಕೊರಿಯಾ ಅವರು ನೆನೆದದ್ದು ಬಾಲ್ಯದ ಆಟಿಕೆ ರೈಲುಗಳನ್ನು! 1930ರಲ್ಲಿ ಸಿಕಂದರಾಬಾದಿನಲ್ಲಿ, ಗೋವೆ ಮೂಲದ ಕಥೋಲಿಕ ಕುಟುಂಬದಲ್ಲಿ ಜನಿಸಿದ ಅವರು ಹುಡುಗನಾಗಿದ್ದಾಗ ಕಾಗದದ ಮೇಲೆ ರೈಲು ಹಳಿಗಳ ವಿನ್ಯಾಸ ಬರೆಯುತ್ತಿದ್ದರು. ನಕ್ಷೆಯ ವಿದ್ಯೆ ಕೈಗೆ ಹತ್ತಿದ್ದು ಅಲ್ಲಿಂದ. ಅಮೆರಿಕೆಯ ವ್ಯಾಸಂಗ ಆಮೇಲಿನ ಮಾತು.

ಅವರ ಇನ್ನೊಂದು ಪ್ರೀತಿ ಆಕಾಶ. ನಮ್ಮ ದೇಶದಲ್ಲಿ ಮುಂಜಾನೆ, ಸಂಜೆ ಮನುಷ್ಯನಿಗೆ ಹಿತವೆನಿಸುವ ಸ್ಥಳ ನಾಲ್ಕು ಗೋಡೆಗಳ ಒಳಗಲ್ಲ, ಅಂಗಳದಲ್ಲಿ, ಜಗಲಿಯಲ್ಲಿ, ಮರದ ನೆರಳಿನಲ್ಲಿ. ಈ ಸಾಮಾನ್ಯ ಸುಖವನ್ನೇ ಅವರು ಕಟ್ಟಡಗಳಿಗೆ ತಂದರು. 1963ರಲ್ಲಿ ಮುಗಿದ ಸಾಬರಮತಿಯ ಗಾಂಧಿ ಸಂಗ್ರಹಾಲಯದಲ್ಲಿ ಹೆಂಚಿನ ಮಾಡುಗಳ ನಡುವೆ ಬಾನಿಗೆ ತೆರೆದ ನೀರಿನ ಅಂಗಳವಿದೆ; ಕಿಟಕಿಗಳಿಗೆ ಗಾಜಿಲ್ಲ. ಮುಂಬಯಿಯ ದಾದರಿನಲ್ಲಿ 1977ರಲ್ಲಿ ಪೂರ್ಣಗೊಂಡ ಸಾಲ್ವಸಾವ್ ದೇವಾಲಯದಲ್ಲಿ (ಜನ ಇಂದಿಗೂ ಅದನ್ನು ಪೋರ್ಚುಗೀಸ್ ಚರ್ಚ್ ಎನ್ನುತ್ತಾರೆ) ಮಾಡಿನಡಿಯ ಸ್ಥಳವೂ ಬಯಲು ಅಂಗಳವೂ ಹೆಣೆದುಕೊಂಡಿವೆ. ಬೆಂಗಳೂರಿನ ಕೋರಮಂಗಲದಲ್ಲಿ ತಮಗಾಗಿ ಕಟ್ಟಿಕೊಂಡ ಮನೆಯ ನಡುವೆಯೂ ಅಂಗಳವೇ. 2015ರಲ್ಲಿ ಅವರು ನಿಧನರಾದರು.

ಕೊಡಗಿನವರಿಗೆ ಇದು ಹೊಸತಲ್ಲ. ಐನ್‌ಮನೆಯ ಕೈಯಾಲೆಯಲ್ಲಿ ಐಮರದ ಮೇಲೆ ಕುಳಿತು ಮಳೆ ನೋಡಿದವರಿಗೆ ವಿವರಣೆ ಬೇಕಿಲ್ಲ. ಸಂತ ತೋಮಸ್ ಅಕ್ವಿನಾಸರು ಸೌಂದರ್ಯವನ್ನು ನೋಟದ ಸಂತೋಷದೊಡನೆ ಸೇರಿಸಿ ಹೇಳಿದ್ದನ್ನು ಗುರುಮಠದಲ್ಲಿ ಬಾಯಿಪಾಠ ಮಾಡಿದ್ದೆವು. ಅರ್ಥವಾದದ್ದು ಅಂಥ ಒಂದು ಐಮರದ ಮೇಲೆ.

ಇದನ್ನು ಬರೆಯಲು ಕಾರಣವಿದೆ. ನಮ್ಮ ದೇವಾಲಯದ ವಿಸ್ತರಣೆಯ ನಕ್ಷೆಯಲ್ಲಿ ಮುಂಭಾಗದ ಜಗಲಿ ಮಾಯವಾಗಿತ್ತು. ಅರುವತ್ತು ಮಂದಿಗೆ ಹೆಚ್ಚಿನ ಆಸನ ದೊರೆಯುವುದೆಂಬ ಹಿಗ್ಗಿನಲ್ಲಿ ನಾವೇ ರುಜು ಹಾಕಿದೆವು. ಕಳೆದ ಭಾನುವಾರ ಬಲಿಪೂಜೆ ಮುಗಿದರೂ ಮಳೆ ಬಿಡಲಿಲ್ಲ. ತೋಟದ ಕೆಲಸದವರು, ವೃದ್ಧರು, ಕೂಸನ್ನೆತ್ತಿಕೊಂಡ ತಾಯಂದಿರು ಆ ಜಗಲಿಯಲ್ಲಿ ಒಂದು ಗಂಟೆ ನಿಂತು ಮಾತಾಡಿದರು. ವಾರವಿಡೀ ಒಬ್ಬರನ್ನೊಬ್ಬರು ಕಾಣದವರು. “ಫಾದರ್, ಬರುವ ಮಳೆಗಾಲಕ್ಕೆ ನಾವು ಎಲ್ಲಿ ನಿಲ್ಲುವುದು?” ಎಂದು ಒಬ್ಬ ಅಜ್ಜಿ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ನಕ್ಷೆಯನ್ನು ಹಿಂದಕ್ಕೆ ತರಿಸಿದ್ದೇವೆ. ಆಸನ ಬೇಕೆನ್ನುವವರ ವಾದವೂ ಸುಳ್ಳಲ್ಲ. ಹಬ್ಬದ ದಿನ ಎಷ್ಟೋ ಜನ ಹೊರಗೆ ಕೊಡೆ ಹಿಡಿದು ನಿಲ್ಲುತ್ತಾರೆ. ಬರುವ ಭಾನುವಾರ ಪಾಲನಾ ಸಮಿತಿ ಸೇರಲಿದೆ. ಮನೆಗೊಬ್ಬರಾದರೂ ಬರಬೇಕು. ಸಭೆ ಜಗಲಿಯಲ್ಲೇ ನಡೆಯುವುದು.